ಕರುಳು ಸಮೇತ

ಜನವರಿ ೩೦, ಹವಾಯಿ

ಬೆಳಗಿನ ಜಾವ ಮೂರೂ ಇಪ್ಪತ್ತು. ಕಿಟಕಿಯ ಗಾಜಿನ ಪಟ್ಟಿಗಳು ಗಡಗಡ ನಡುಗಿ ಎಚ್ಚರ ಮಾಡಿದವು. ಸಮುದ್ರ ಎದ್ದಿದೆ. ರಸ್ತೆಯಾಚೆ ಬಂಡೆಗೆ ಅಲೆ ಬಡಿದಾಗಲೆಲ್ಲ ಮೊದಲು ನೆಲ ಅದುರುತ್ತದೆ, ಆಮೇಲೆ ಗಾಜು, ಗಾಜಿನ ಬೆನ್ನಿಗೇ ನನ್ನ ಮಗ ಲೋನೊ.

ಅವನಿಗೀಗ ಒಂಬತ್ತು ತಿಂಗಳು. ಒಂಬತ್ತು ತಿಂಗಳಿಂದ ನಾನು ಎರಡು ಗಂಟೆಗಿಂತ ಹೆಚ್ಚು ಒಟ್ಟಿಗೆ ಮಲಗಿಲ್ಲ. ಪಕ್ಕದಲ್ಲಿ ಗಂಡ ಕವಿಕಾ ಗೊರಕೆ ಹೊಡೆಯುತ್ತಿದ್ದಾನೆ. ನಾಳೆ ಅವನಿಗೆ ಪಂದ್ಯವಂತೆ. ನನಗೂ ಇದೆ. ಇಬ್ಬರೂ ಅಲೆಯ ಮೇಲೆ ಬೋರ್ಡು ಓಡಿಸುವ ಸರ್ಫರುಗಳು, ದೇಶ ದೇಶ ಸುತ್ತುವ ಒಂದೇ ಟೂರು, ಒಂದೇ ಕಡಲು, ಒಂದೇ ದಿನ. ನಿದ್ದೆ ಬೇಕಾದವನು ಮಾತ್ರ ಅವನೊಬ್ಬನೇ.

ಕಾಗದದ ಮೇಲೆ ಬೈದರೆ ಮಗು ಏಳುವುದಿಲ್ಲ. ಅದಕ್ಕೇ ಈ ನೋಟುಬುಕ್ಕು.

ಈ ವರ್ಷ ನಾಲ್ಕು ಪಂದ್ಯ ಆದಮೇಲೆ ಕಡಿತ. ಹೆಂಗಸರು ಹದಿನೆಂಟು ಮಂದಿ ಇದ್ದೇವೆ. ಹತ್ತು ಮಂದಿ ಉಳಿಯುತ್ತಾರೆ, ಮಿಕ್ಕವರು ಮನೆಗೆ. ಹೀಗೆ ಉದುರಿದ ಇಪ್ಪತ್ತೆಂಟರ ಬಾಣಂತಿಯನ್ನು ಆಮೇಲೆ ಯಾರೂ ಕರೆಯುವುದಿಲ್ಲ. ಕಳೆದ ವರ್ಷ ಬಸುರಿಯಾಗಿ ಆಟ ಬಿಟ್ಟವಳಿಗೆ ಈ ವರ್ಷ ಜಾಗ ಕೊಟ್ಟಿದ್ದಾರೆ. ಕೊಟ್ಟ ರೀತಿ ನೋಡಿದರೆ ಭಿಕ್ಷೆ ಹಾಕಿದ ಹಾಗಿದೆ.

ಎದೆ ಸೋರುತ್ತಿದೆ. ಬಂದೆ ಕಣೋ, ಬಂದೆ.

ಜನವರಿ ೩೧

ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಅಲೆಗಳು ನುಣ್ಣಗೆ ಸುರುಳಿ ಸುತ್ತಿ ಬರುತ್ತಿದ್ದವು, ಒಳಗೆ ನಿಂತು ಹೊರಬರಬಹುದಾದ ಕೊಳವೆಗಳು. ಗಂಡಸರನ್ನು ಇಳಿಸಿದರು. ಮಧ್ಯಾಹ್ನ ಎರಡಕ್ಕೆ ಗಾಳಿ ತಿರುಗಿ ಕಡಲೆಲ್ಲ ಕಲಸಿದ ಹಿಟ್ಟಾದ ಮೇಲೆ ಮೈಕಿನಲ್ಲಿ ಕೂಗಿದರು: ಈಗ ಮಹಿಳೆಯರ ಸುತ್ತು.

"ಉಂಡು ಕೈತೊಳ್ಕೊಂಡ್ರು. ಈಗ ನಾವು ಪಾತ್ರೆ ತಿಕ್ಕೋಣ ಬಾ," ಎಂದಳು ಜುಸಾರಾ. ಬ್ರೆಜಿಲಿನವಳು. ಹನ್ನೊಂದು ವರ್ಷದಿಂದ ಟೂರಿನಲ್ಲಿದ್ದಾಳೆ, ಇನ್ನೂ ನಗಲು ಬರುತ್ತದೆ.

ಬೋರ್ಡಿನ ಮೇಲೆ ಬೋರಲು ಮಲಗಿ ಕೈ ಬೀಸಲು ಶುರುಮಾಡಿದೊಡನೆ ಕಣ್ಣಿಗೆ ಕತ್ತಲೆ ಬಂತು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಇಬ್ಬಿಬ್ಬರ ಸೆಣಸಾಟ, ಮೂವತ್ತೈದು ನಿಮಿಷ. ಹಿಡಿದ ಅಲೆಗಳಲ್ಲಿ ಒಳ್ಳೆಯ ಎರಡರ ಅಂಕ ಕೂಡಿಸುತ್ತಾರೆ. ನನಗೆ ಸಿಕ್ಕದ್ದು ಒಂದೂವರೆ ಅಲೆ. ಹದಿನೇಳನೆಯ ಸ್ಥಾನ.

ದಡದಲ್ಲಿ ಪತ್ರಕರ್ತರು. ಕವಿಕಾನಿಗೆ ಕೇಳಿದ್ದು: "ಆ ಕೊಳವೆ ಒಳಗೆ ನಿಂತಾಗ ಏನನ್ನಿಸ್ತು?" ನನಗೆ ಕೇಳಿದ್ದು: "ಮಗು ಯಾರ ಹತ್ರ ಇದೆ?"

"ಬೋರ್ಡಿನ ಅಡೀಲಿ ಕಟ್ಕೊಂಡಿದೀನಿ, ಕಾಣಿಸ್ಲಿಲ್ವಾ?" ಅಂದೆ.

ಕವಿಕಾ ಮೊಣಕೈಯಲ್ಲಿ ತಿವಿದ. ಮನೆಗೆ ಬಂದಮೇಲೆ "ಸ್ವಲ್ಪ ನಗ್ತಾ ಹೇಳಬಹುದಿತ್ತಲ್ಲ" ಎಂದ. ಬೋರ್ಡಿಗೆ ಹಚ್ಚುವ ಮೇಣವನ್ನು ಮುಖಕ್ಕೂ ಮೆತ್ತುವುದೊಂದು ಬಾಕಿ.

ಫೆಬ್ರವರಿ ೨೬

ನಾಳೆ ಪೋರ್ಚುಗಲ್‌ಗೆ ಹೊರಡಬೇಕು. ಲೋನೊನನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ನಿನ್ನೆಯಿಂದ ಅವನಿಗೆ ಭೇದಿ.

ರಾತ್ರಿ ಮೂರನೆಯ ಸಲ ಬಟ್ಟೆ ಬದಲಿಸುತ್ತಿದ್ದೆ. ನನ್ನ ಕೈ, ಹಾಸಿಗೆ, ತೆರೆದಿಟ್ಟ ಪೆಟ್ಟಿಗೆಯಲ್ಲಿ ಮಡಿಸಿದ್ದ ಈಜುಡುಪು, ಎಲ್ಲದಕ್ಕೂ ಮೆತ್ತಿತು. ತೂತೂ ಬಾಗಿಲಲ್ಲಿ ಬಂದು ನಿಂತರು. ಕವಿಕಾನ ಅಮ್ಮ. ಲೋನೊ ಹುಟ್ಟಿದ ದಿನದಿಂದ ನಮಗೆಲ್ಲರಿಗೂ ತೂತೂ, ಅಜ್ಜಿ.

"ನನಗೆ ಕೊಡು ಅವನನ್ನ. ನೀನು ಹೋಗು," ಎಂದರು.

ತಿಂಗಳಿಂದ ಹತ್ತು ಸಲ ಹೀಗೇ ಕೇಳಿದ್ದಾರೆ. ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ನುಗ್ಗಿದವು. ಕಾಲೇಜಿನಲ್ಲಿ ನಾಲ್ಕು ವರ್ಷ ಹವಾಯಿ ಭಾಷೆ ಓದಿದವಳಲ್ಲವೇ? ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಹಳೆಯ ಮಾತೊಂದು ನಾಲಿಗೆಗೆ ಬಂತು. ಲೋನೊನ ಕಂಕುಳಿಗೆ ಕೈ ಹಾಕಿ ಎತ್ತಿ, ಸೋರುತ್ತಿದ್ದ ಹಾಗೆಯೇ ಅವರ ಮುಂದೆ ಹಿಡಿದೆ. ನಾಟಕದವಳ ದನಿಯಲ್ಲಿ, ಅವರ ಭಾಷೆಯಲ್ಲೇ ಅಂದೆ:

"ಈ ಕೂಸು ನಿಮ್ಮದು. ಹೇಲು, ಕರುಳು ಸಮೇತ."

ತೂತೂ ನಗಲಿಲ್ಲ. ಹೋಗಿ ಕೈ ತೊಳೆದು ಬಂದರು. ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡು, ಅವನ ಹಣೆಗೆ ಹಣೆ ಹಚ್ಚಿ ಉಸಿರೆಳೆದುಕೊಂಡು ತಮ್ಮ ಕೋಣೆಗೆ ಹೋದರು. ಹೊಸ ನೈಟಿ ಹಾಳಾಯಿತೆಂದು ಮುನಿಸಿರಬೇಕು. ಏನಾದರೂ ಆಗಲಿ. ನಾಲ್ಕು ಗಂಟೆ ಒಂದೇ ಸಮ ಮಲಗಿದೆ.

ಲೋನೊ ಇಲ್ಲೇ ಇರುತ್ತಾನೆ. ಮೂರೇ ವಾರ.

ಮಾರ್ಚ್ ೯, ಪೋರ್ಚುಗಲ್

ನೀರು ಮೂಳೆ ಕೊರೆಯುತ್ತದೆ. ನಿನ್ನೆ ಒಂಬತ್ತು ಗಂಟೆ ಮಲಗಿದೆ. ಮೊನ್ನೆಯೂ ಅಷ್ಟೇ.

ಎರಡು ಸುತ್ತು ಗೆದ್ದೆ. ಎರಡನೆಯದರಲ್ಲಿ ಸರದಿ ನನ್ನದಿತ್ತು, ಅಂದರೆ ಮುಂದಿನ ಅಲೆ ಬೇಕೋ ಬೇಡವೋ ಹೇಳುವ ಹಕ್ಕು ನನ್ನದು. ಎದುರಾಳಿಗೆ ತಾಳ್ಮೆಯಿಲ್ಲ, ನಡುವೆ ನುಗ್ಗಿದಳು, ದಂಡ ತೆತ್ತಳು. ದಡದಲ್ಲಿ ನನ್ನನ್ನೇ ಬೈದಳು. ನಾನೂ ಬೈದೆ. ಹಾಯೆನಿಸಿತು.

ಹಾಲು ನಿಂತಿದೆ. ಒಳ್ಳೆಯದೇ ಆಯಿತು, ದಪ್ಪ ರಬ್ಬರಿನ ಉಡುಪಿನೊಳಗೆ ಅದೊಂದು ಹಿಂಸೆ.

ಮಾರ್ಚ್ ೧೨

ಮೂರನೆಯ ಸ್ಥಾನ! ಪಟ್ಟಿಯಲ್ಲಿ ಈಗ ಒಂಬತ್ತನೆಯವಳು. ಇವತ್ತು ಮನೆಗೆ ಫೋನ್ ಮಾಡಲು ಮರೆತೆ.

ಮಾರ್ಚ್ ೨೪, ಮನೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮೀನಿನಂಗಡಿಗೆ ಹೋಗಿದ್ದೆ. ಅಂಗಡಿಯ ಆಂಟಿ ಲೇನಾ ಕೌಂಟರು ಬಿಟ್ಟು ಹೊರಗೆ ಬಂದು ತಬ್ಬಿಕೊಂಡರು. ಪೋರ್ಚುಗಲ್ಲಿನಲ್ಲಿ ಗೆದ್ದದ್ದಕ್ಕೆ ಅಂದುಕೊಂಡೆ.

"ದೊಡ್ಡ ಮನಸ್ಸು ಕಣಮ್ಮ ನಿಂದು," ಎಂದರು. "ಈಗಿನ ಹುಡುಗೀರು ಹಾನಾಯ್ ಅಂದ್ರೆ ಮೂತಿ ತಿರುಗಿಸ್ತಾರೆ. ನೀನು ಚೊಚ್ಚಲ ಮಗನ್ನೇ ಕೊಟ್ಟೆ! ಅದೂ ಹಳೇ ಮಾತು ಹೇಳಿ, ಕರುಳು ಸಮೇತ! ನಿಮ್ಮತ್ತೆ ಹೇಳ್ತಾ ಹೇಳ್ತಾ ಅತ್ತುಬಿಟ್ಟಳು."

ಕಾಲೇಜಿನಲ್ಲಿ ಇದರ ಮೇಲೆ ಹತ್ತು ಅಂಕದ ಉತ್ತರ ಬರೆದಿದ್ದೆ. ಹಾನಾಯ್: ಅಜ್ಜ ಅಜ್ಜಿ ಮೊಮ್ಮಗುವನ್ನು ಕೇಳಿ ಪಡೆದು ತಮ್ಮ ಮಗುವಾಗಿ ಸಾಕಿಕೊಳ್ಳುವುದು. ಚೊಚ್ಚಲ ಗಂಡಾದರೆ ತಂದೆಯ ಕಡೆಯವರಿಗೆ. ಕಾಗದವಿಲ್ಲ, ಸಹಿಯಿಲ್ಲ. ಹೆತ್ತವಳು ಆ ಒಂದು ವಾಕ್ಯ ಹೇಳಿದರೆ ಮುಗಿಯಿತು. ಹೀಗೆಲ್ಲ ಬರೆದು, ಕೊನೆಗೆ ಪಂಡಿತಳಂತೆ ಸೇರಿಸಿದ್ದೆ: "ಈಗ ಈ ಮಾತು ಬಳಕೆಯಲ್ಲಿಲ್ಲ." ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು ಮೇಷ್ಟ್ರು.

ಮನೆಗೆ ಓಡಿದೆ. ತೂತೂ ಅಡುಗೆಮನೆಯಲ್ಲಿ ಲೋನೊನಿಗೆ ಕೆಸುವಿನ ಗೆಡ್ಡೆಯ ಅಂಬಲಿ ತಿನ್ನಿಸುತ್ತಿದ್ದರು. ಅವನನ್ನು ಕಸಿದು ಎತ್ತಿಕೊಂಡೆ. ಕಿರುಚಿದ. ನನ್ನ ಎದೆಗೆ ಎರಡೂ ಅಂಗೈ ಊರಿ ದೂಡುತ್ತಾ ಅವರ ಕಡೆ ಬಾಗಿದ.

"ಊರಿಗೆಲ್ಲ ಏನು ಹೇಳ್ಕೊಂಡು ಬಂದಿದೀರಿ ತೂತೂ?"

"ನೀನು ಹೇಳಿದ್ದನ್ನೇ."

"ಅದು ತಮಾಷೆ! ಅವತ್ತು ನನಗೆ ನಿದ್ದೆ ಇರಲಿಲ್ಲ, ಕೈಯೆಲ್ಲ ಹೇಲಾಗಿತ್ತು..."

"ನನ್ನಮ್ಮನೂ ನನ್ನನ್ನ ಅದೇ ಮಾತು ಹೇಳಿ ಅಜ್ಜಿಗೆ ಕೊಟ್ಟಳು. ಆ ಮಾತಲ್ಲಿ ಯಾರೂ ತಮಾಷೆ ಮಾಡಲ್ಲಮ್ಮ. ನಾಲ್ಕು ವರ್ಷ ಓದಿದೋಳಲ್ವಾ ನೀನು?"

"ಮೂರು ವಾರ ನೋಡ್ಕೊಳ್ಳಿ ಅಂದ್ರೆ ನೀವು..."

"ನೋಡ್ಕೊಳ್ಳಿ ಅಂತ ನೀನು ಅನ್ನಲಿಲ್ಲ." ಅವರ ದನಿ ಏರಲೇ ಇಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಮಗು ಹೆದರಿದಾನೆ. ಕೊಡು ಇಲ್ಲಿ. ಬೇಕು ಅನ್ನಿಸಿದ್ರೆ ಕೂತು ಕೇಳು. ಕೂಗಬೇಡ."

ಕೇಳಬೇಕಂತೆ! ಹದಿನಾರು ಗಂಟೆ ನೋವು ತಿಂದು ಹೆತ್ತ ಮಗುವನ್ನು ನಾನು ಬೇಡಬೇಕಂತೆ. ಸತ್ತರೂ ಬೇಡುವುದಿಲ್ಲ.

ಅವನ ಅಳು ನಿಲ್ಲಲಿಲ್ಲ. ಕೊನೆಗೆ ನಾನೇ ಅವರ ಕೈಗೆ ಕೊಟ್ಟೆ. ಆಗ ನಿಲ್ಲಿಸಿದ.

ಮಾರ್ಚ್ ೨೭

ಆಸ್ಟ್ರೇಲಿಯಾಕ್ಕೆ ಹೊರಟಿದ್ದೇವೆ. ಏಪ್ರಿಲ್ ಇಪ್ಪತ್ತಕ್ಕೆ ಲೋನೊನ ವರ್ಷದ ಹಬ್ಬ. ತೂತೂ ಇನ್ನೂರು ಜನಕ್ಕೆ ಹೇಳಿದ್ದಾರೆ. ಎರಡು ಹಂದಿ ಗೊತ್ತುಮಾಡಿದ್ದಾರೆ, ನೆಲದೊಲೆಯ ಗುಂಡಿಯನ್ನು ಕವಿಕಾನ ಚಿಕ್ಕಪ್ಪಂದಿರು ತೋಡುತ್ತಾರೆ. ಅವತ್ತು ಎಲ್ಲರೆದುರು ತೂತೂ ಎದ್ದುನಿಂತು, ಇವನು ನನ್ನ ಹಾನಾಯ್ ಎಂದು ಸಾರುತ್ತಾರಂತೆ. ಅಷ್ಟಾದರೆ ಮತ್ತೆ ಯಾರೂ ಅದನ್ನು ಕದಲಿಸುವಂತಿಲ್ಲ.

ಕೊನೆಯ ಪಂದ್ಯ ಹದಿನೆಂಟಕ್ಕೆ ಮುಗಿಯುತ್ತದೆ. ಹತ್ತೊಂಬತ್ತಕ್ಕೆ ಮನೆಯಲ್ಲಿರುತ್ತೇನೆ. ನಾನು ಎದುರಿಗೆ ನಿಂತಿರುವಾಗ ಅದು ಹೇಗೆ ಸಾರುತ್ತಾರೋ ನೋಡೇಬಿಡುತ್ತೇನೆ.

ವಿಮಾನ ನಿಲ್ದಾಣದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಡದೇ ಇರಬಹುದಿತ್ತು ಎಂದು ಈಗ ಹೊಳೆಯುತ್ತಿದೆ. ಹತ್ತಲು ಕರೆಯುತ್ತಿದ್ದಾರೆ.

ಏಪ್ರಿಲ್ ೬, ವಿಕ್ಟೋರಿಯಾ ತೀರ

ಕವಿಕಾನ ಜೊತೆ ಮಾತು ಬಿಟ್ಟಿದ್ದೇನೆ. ಬಿಡುವ ಮೊದಲು ಆಡಿದ್ದು ಇಷ್ಟು:

"ನೀನು ಆ ಮಾತು ಹೇಳ್ದಾಗ ನಾನು ಎಚ್ಚರ ಇದ್ದೆ," ಎಂದ.

"ಎಚ್ಚರ ಇದ್ಯಾ? ಮಗು ಅಳುವಾಗ ಒಂದು ದಿನವಾದ್ರೂ ಎಚ್ಚರ ಇದ್ದಿದ್ದೀಯೇನೋ ನೀನು?"

"ಮೆಹನಾ, ನಾನೂ ಹಾಗೇ ಬೆಳೆದೋನು. ಮೊಲೊಕಾಯ್ ದ್ವೀಪದಲ್ಲಿ ಅಜ್ಜನ ಹತ್ರ. ನನಗೇನು ಕಮ್ಮಿಯಾಗಿದೆ?"

"ಕಮ್ಮಿಯಾಗಿರೋದು ನಿನಗೆ ಗೊತ್ತಾಗಲ್ಲ. ಜೊತೇಲಿರೋರಿಗೆ ಗೊತ್ತಾಗುತ್ತೆ."

ಅದು ಅವನಿಗೆ ತಾಗಿತು. ತಾಗಲಿ ಎಂದೇ ಹೇಳಿದ್ದು. ಬೋರ್ಡಿನ ಮೇಣ ಕೆರೆಯತೊಡಗಿದ. ತಲೆಯೆತ್ತದೆ ಕೇಳಿದ: "ಅವತ್ತು ರಾತ್ರಿ ನಿನಗೆ ಒಂದು ಕ್ಷಣಾನೂ ಹಗುರ ಆಗಲಿಲ್ವಾ?"

ಬಾಗಿಲು ಬಡಿದು ಹೊರಗೆ ಬಂದೆ. ಎಂಥ ಪ್ರಶ್ನೆ! ಎಂಥ ಮನುಷ್ಯ!

ಮೊದಲ ಸುತ್ತಿನಲ್ಲೇ ಸೋತೆ. ಈಗ ಹನ್ನೊಂದನೆಯವಳು. ಕಡಿತದ ಗೆರೆಯ ಕೆಳಗೆ.

ಏಪ್ರಿಲ್ ೭

ಅದೇನು ಕೇಳುವ ಪ್ರಶ್ನೆಯೇ?

ಏಪ್ರಿಲ್ ೧೭, ಪಶ್ಚಿಮ ಆಸ್ಟ್ರೇಲಿಯಾ

ಆರು ದಿನದಿಂದ ಕಡಲು ಸತ್ತು ಮಲಗಿತ್ತು. ದಿನಾ ಬೆಳಿಗ್ಗೆ ಆರೂವರೆಗೆ ಎಲ್ಲರೂ ದಡದಲ್ಲಿ ಸೇರುವುದು, ಪಂದ್ಯದ ನಿರ್ದೇಶಕ ನೀರು ನೋಡಿ "ಇವತ್ತು ಇಲ್ಲ" ಎನ್ನುವುದು, ಚದುರುವುದು. ಇವತ್ತು ಅಲೆ ಬಂತು. ಎರಡಾಳೆತ್ತರ, ಗಾಳಿಯಿಲ್ಲ.

"ಇವತ್ತೂ ನಾಳೆಯೂ ಗಂಡಸರು, ಪೂರ್ತಿ ಮುಗಿಸಿಬಿಡ್ತೀವಿ," ಎಂದ. "ಹೆಂಗಸರಿಗೆ ಇದು ಸ್ವಲ್ಪ ದೊಡ್ಡದಾಯ್ತು. ನಿಮ್ಮ ಸುರಕ್ಷತೆಗೇ ಹೇಳ್ತಿರೋದು. ನೀವು ಇಪ್ಪತ್ತೊಂದಕ್ಕೆ, ಅಲೆ ಇಳಿದ ಮೇಲೆ."

ಇಪ್ಪತ್ತೊಂದು!

"ನಾನು ಇದಕ್ಕಿಂತ ದೊಡ್ಡ ಅಲೇಲಿ ಹಲ್ಲುಜ್ಜಿದೀನಿ," ಎಂದೆ. ಜನ ನಕ್ಕರು. ಅವನೂ ನಕ್ಕ. ನಾನು ನಗಲಿಲ್ಲ. "ನನ್ನ ಮಗನ ವರ್ಷದ ಹಬ್ಬ ಇದೆ. ಗಂಡಸರ ಎರಡು ಸುತ್ತು, ನಮ್ಮ ಎರಡು ಸುತ್ತು, ಹಾಗೆ ಹಂಚಿ."

"ಹುಟ್ಟುಹಬ್ಬಕ್ಕೆಲ್ಲ ಟೂರ್ ನಿಲ್ಲಿಸೋಕಾಗುತ್ತಾ ಮೆಹನಾ?"

"ಟೂರ್ ನಿಲ್ಲಿಸಿ ಅಂದಿಲ್ಲ. ಗಂಡಸರನ್ನ ಅರ್ಧ ದಿನ ಕೂರಿಸಿ ಅಂದೆ."

ಜುಸಾರಾ ನನ್ನ ಪಕ್ಕ ಬಂದು ನಿಂತಳು. ಆಮೇಲೆ ಇನ್ನೂ ಮೂವರು. ಬಾಕಿಯವರು ತಮ್ಮ ಬೋರ್ಡುಗಳನ್ನು ನೋಡಿಕೊಳ್ಳುತ್ತಿದ್ದರು. ಐದು ಜನಕ್ಕೆ ವೇಳಾಪಟ್ಟಿ ಬದಲಾಗುವುದಿಲ್ಲವಂತೆ.

ಏಪ್ರಿಲ್ ೧೮

ಕವಿಕಾ ಐದನೆಯವನಾಗಿ ಮುಗಿಸಿದ. ಅವನ ಜಾಗ ಭದ್ರ. ರಾತ್ರಿಯ ವಿಮಾನಕ್ಕೆ ಹೊರಟುಹೋದ. ಮಗನ ಹಬ್ಬಕ್ಕೆ.

"ನೀನಾದ್ರೂ ಅವರನ್ನ ತಡಿ," ಅಂದೆ. ಹನ್ನೆರಡು ದಿನದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು.

"ಅದು ನಿನ್ನ ಬಾಯಿಂದ ಬಂದ ಮಾತು. ನಾನು ಹೇಗೆ ತಡೀಲಿ?" ಕಾರು ಹತ್ತುವಾಗ ತಿರುಗಿ, "ಪಂದ್ಯದ ಕಡೆ ಗಮನ ಕೊಡು. ಒಂದು ಸುತ್ತು ಗೆದ್ರೆ ಉಳ್ಕೋತೀಯ," ಎಂದ.

ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಕಲ್ಲು ತೆಗೆದುಕೊಂಡು ಕಾರಿನ ಗಾಜಿಗೆ ಎಸೆಯಬೇಕೆನಿಸಿತು.

ಏಪ್ರಿಲ್ ೧೯

ಹದಿನಾಲ್ಕು ಸಲ ಫೋನ್ ಮಾಡಿದೆ. ತೂತೂ ಎತ್ತುತ್ತಿಲ್ಲ. ಎತ್ತಿದ್ದರೆ ಕೂಗುತ್ತಿದ್ದೆ. ಅದು ಅವರಿಗೆ ಗೊತ್ತು.

ಏಪ್ರಿಲ್ ೨೧

ರಾತ್ರಿ ಎರಡೂ ಹತ್ತು. ಊರಿನಲ್ಲಿ ಇನ್ನೂ ಇಪ್ಪತ್ತನೆಯ ತಾರೀಖಿನ ಬೆಳಿಗ್ಗೆ, ಎಂಟೂ ಹತ್ತು. ಹಂದಿ ನೆಲದೊಲೆಯಲ್ಲಿ ಬೇಯುತ್ತಿರಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಜನ ಕೂರುತ್ತಾರೆ. ಇಲ್ಲಿ ಆಗ ಬೆಳಗಿನ ಆರು. ಆರೂವರೆಗೆ ನಿರ್ದೇಶಕ ನೀರು ನೋಡುತ್ತಾನೆ. ಮೊದಲ ಸುತ್ತು ನನ್ನದೇ.

ಕವಿಕಾ ಈಗ ಒಂದು ಚಿತ್ರ ಕಳಿಸಿದ. ಲೋನೊ ಯಾರ ಕೈಯೂ ಹಿಡಿಯದೆ ನಿಂತಿದ್ದಾನೆ. ನಿಂತದ್ದು ಯಾವತ್ತು ಎಂದು ಕೇಳಿದೆ. "ಹತ್ತು ದಿನ ಆಯ್ತಂತೆ" ಎಂದು ಬರೆದ. ಹತ್ತು ದಿನದಿಂದ ನನ್ನ ಮಗ ನಿಲ್ಲುತ್ತಿದ್ದಾನೆ, ನಾನು ಯಾರ ಸರದಿ, ಯಾರ ಅಂಕ ಎಂದು ಗುದ್ದಾಡುತ್ತಿದ್ದೆ.

ತೂತೂ, ಇಲ್ಲಿಂದ ಮುಂದಿನದು ನಿಮಗೆ. ಈ ಪುಟದ ಫೋಟೋ ತೆಗೆದು ಕವಿಕಾನ ಫೋನಿಗೆ ಕಳಿಸುತ್ತೇನೆ. ಕವಿಕಾ, ನೀನು ಓದಿ ಹೇಳಬೇಡ. ಕನ್ನಡಕ ಕೊಟ್ಟು ಅವರ ಕೈಗೇ ಕೊಡು.

ತಮಾಷೆಗೆ ಅಂದೆ ಎಂದು ಇಷ್ಟು ದಿನ ಕೂಗಿದೆ. ಸುಳ್ಳು. ಬಾಯಿ ನಗುತ್ತಿತ್ತು, ಕೈ ಕೊಟ್ಟಿತ್ತು. ನೀವು ಅವನನ್ನು ತೆಗೆದುಕೊಂಡಾಗ ನನ್ನ ತೋಳು ಎಷ್ಟು ಹಗುರಾಯಿತೆಂದರೆ, ಹೋಗಿ ಸತ್ತವಳಂತೆ ಮಲಗಿದೆ. ಆ ಹೊತ್ತಿಗೆ ನಾನು ನಿಜವಾಗಿಯೂ ಕೊಟ್ಟೆ. ನಿಮಗೆ ಅದು ಕಂಡಿತು. ನನಗೆ ಕಾಣಲು ಎಂಟು ವಾರ ಬೇಕಾಯಿತು. ನೀವು ಕಸಿದುಕೊಂಡಿಲ್ಲ.

ಆದರೂ ನಿಮ್ಮ ಮೇಲೆ ಸಿಟ್ಟಿದೆ. ಬೇಕಾದಷ್ಟಿದೆ. ನಿದ್ದೆಗೆಟ್ಟ ಹೆಣ್ಣಿನ ಮಾತು ಹಿಡಿದುಕೊಂಡಿರಲ್ಲ, ಬೆಳಿಗ್ಗೆ ಎಬ್ಬಿಸಿ "ನಿಜವೇನೇ?" ಎಂದು ಒಂದು ಸಲ ಕೇಳಬಹುದಿತ್ತಲ್ಲ? ನಿಮ್ಮ ಮಗನ ಮೇಲೆ ಸಿಟ್ಟಿದೆ. ನನ್ನನ್ನು ಇಲ್ಲಿ ಕೂರಿಸಿದ ಈ ಜನರ ಮೇಲೆ ಸಿಟ್ಟಿದೆ. ಅದು ಹೋಗುವವರೆಗೆ ಕಾಯಲು ನನಗೆ ಸಮಯವಿಲ್ಲ. ಸಿಟ್ಟು ಇದ್ದ ಹಾಗೆಯೇ ಕೂತು ಕೇಳುತ್ತಿದ್ದೇನೆ. ನೀವು ನನ್ನನ್ನು ಹತ್ತು ಸಲ ಕೇಳಿದಿರಿ. ಈಗ ನಾನು ಕೇಳುತ್ತೇನೆ: ನಿಮ್ಮ ಮಗುವನ್ನು ನನಗೆ ಕೊಡಿ.

ಬೆಳಗಿನ ಸುತ್ತು ಬಿಟ್ಟು ಬರುತ್ತೇನೆ ಎಂದು ಬರೆದರೆ ನಿಮ್ಮ ಮನಸ್ಸು ಕರಗಬಹುದು. ಬರೆಯುವುದಿಲ್ಲ. ನೀರಿಗಿಳಿಯುತ್ತೇನೆ, ಗೆಲ್ಲಲೆಂದೇ ಇಳಿಯುತ್ತೇನೆ. ನನಗೆ ಇದೂ ಬೇಕು, ಅವನೂ ಬೇಕು. ಮುಂದಿನ ಊರಿಗೆ ಅವನನ್ನು ಕಟ್ಟಿಕೊಂಡು ಹೋಗುತ್ತೇನೆ. ನೀವೂ ಬನ್ನಿ. ಬರುವುದಿಲ್ಲವಾದರೆ ಹೇಗೆ ಮಲಗಿಸುತ್ತೀರೆಂದು ಹೇಳಿಕೊಡಿ. ನನಗೆ ಗೊತ್ತಿಲ್ಲ. ನನ್ನ ಕೈಯಲ್ಲಿ ಅವನು ಅಳುತ್ತಾನೆ, ನಿಮ್ಮ ಕೈಯಲ್ಲಿ ನಿಲ್ಲಿಸುತ್ತಾನೆ. ನೋಡಿದ್ದೀರಲ್ಲ.

ಕೊಡುವುದಿಲ್ಲ ಎನ್ನುವ ಹಕ್ಕು ನಿಮಗಿದೆ. ಹಾಗಾದರೆ ಅದನ್ನು ನನಗೆ ಹೇಳಿ, ಇನ್ನೂರು ಜನಕ್ಕಲ್ಲ. ಅವರೆದುರು ಎದ್ದು ನಿಲ್ಲುವ ಮೊದಲು ಫೋನ್ ಮಾಡಿ ತೂತೂ. ನಾನು ಕೂಗುವುದಿಲ್ಲ. ಒಂದೇ ಒಂದು ಸಲವೂ ಕೂಗುವುದಿಲ್ಲ. ಫೋನು ತೊಡೆಯ ಮೇಲಿದೆ, ದೀಪ ಹಾಕಿಕೊಂಡೇ ಕೂತಿದ್ದೇನೆ. ಇಲ್ಲಿ ಬೆಳಗಾಗಲು ಇನ್ನು ನಾಲ್ಕು ಗಂಟೆಯೂ ಇಲ್ಲ. ಅಷ್ಟರೊಳಗೆ ಫೋನ್ ಮಾಡಿ. ದಮ್ಮಯ್ಯ, ಬೆಳಗಾಗುವ ಮೊದಲು ಮಾಡಿ.